ಮದುವೆ ಇರಲಿ, ಮೊದಲು ಮಾತ್ರೆ

(ಡೊಂಬಿವಲಿಯ ಓದುಗರೊಬ್ಬರ ಪತ್ರದ ಸಾರ: ದಾದರಿನ ಹೋಟೆಲೊಂದರಲ್ಲಿ ಕ್ಯಾಶ್ ಕೌಂಟರ್ ನೋಡಿಕೊಳ್ಳುತ್ತಿದ್ದ 27ರ ತಮ್ಮ, ಗಿರಾಕಿಗಳೆಲ್ಲ ತನ್ನ ಬಗ್ಗೆಯೇ ಪಿಸುಗುಡುತ್ತಾರೆ ಎನ್ನತೊಡಗಿದ. ಯಾರೂ ಇಲ್ಲದಾಗಲೂ ದನಿ ಕೇಳುತ್ತದೆ ಎಂದ. ವೈದ್ಯರು ಇದು ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಎಂದರು. ಮಾತ್ರೆಯಿಂದ ಸುಧಾರಿಸಿದವನು ಆರು ತಿಂಗಳಿಗೆ ಬಿಟ್ಟ. ಈಗ ಮತ್ತೆ ಶುರುವಾಗಿದೆ. ಸ್ನಾನಕ್ಕೂ ಏಳದ ಸೋಮಾರಿಯಾಗಿದ್ದಾನೆ. ಊರಿನಲ್ಲಿ ದೈವದ ದರ್ಶನದಲ್ಲಿ ಕೇಳಿಸೋಣ, ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂದು ಅಪ್ಪ ಅಮ್ಮನ ಹಟ. ಏನು ಮಾಡಲಿ?)

ಅಪ್ಪ ಅಮ್ಮನ ಮೇಲೆ ಸಿಟ್ಟಾಗಬೇಡಿ. ದೈವದ ಮುಂದೆ ಕೇಳಿಕೊಂಡರೆ ಅವರಿಗೆ ಸಮಾಧಾನವೆಂದಾದರೆ ಹೋಗಿಬನ್ನಿ, ಮಾತ್ರೆಯ ಪೊಟ್ಟಣ ಬ್ಯಾಗಿನಲ್ಲಿರಲಿ. ಮದುವೆಯ ವಿಷಯದಲ್ಲಿ ಮಾತ್ರ ನಾನು ಇಷ್ಟು ಉದಾರಿಯಲ್ಲ. ಹೆಣ್ಣಿನ ಕಡೆಯವರಿಂದ ಮುಚ್ಚಿಟ್ಟು ಮಾಡಿದರೆ ಅವನು ಮಾತ್ರೆಯನ್ನೂ ಕದ್ದು ನುಂಗಬೇಕಾಗುತ್ತದೆ; ಕ್ರಮೇಣ ನುಂಗುವುದೇ ನಿಂತುಹೋಗುತ್ತದೆ. ಆ ಹುಡುಗಿಗೆ ಮಾಡುವ ಅನ್ಯಾಯ ಬೇರೆ. ಚೇತರಿಸಿಕೊಂಡ ಮೇಲೆ, ಎಲ್ಲ ಗೊತ್ತಿದ್ದು ಒಪ್ಪಿದವಳನ್ನು ಮದುವೆಯಾಗುವುದಾದರೆ ಯಾರ ತಕರಾರೂ ಇಲ್ಲ. ಹಾಗೆ ಸಂಸಾರ ನಡೆಸುವವರಿದ್ದಾರೆ.

ನಾನು ವೈದ್ಯನಲ್ಲ, ಆದರೆ ಇಷ್ಟು ಹೇಳಬಲ್ಲೆ: ಅವನು ಗುಣವಾದಂತೆ ಕಂಡದ್ದು ಮಾತ್ರೆಯ ಬಲದಿಂದಲೇ. ಮಿದುಳಿನ ಡೋಪಮೈನ್ ಎಂಬ ರಾಸಾಯನಿಕದ ಏರುಪೇರಿಗೂ ಈ ದನಿ, ಸಂಶಯಗಳಿಗೂ ನಂಟಿದೆ. ಮಾತ್ರೆ ಅದನ್ನು ಹಿಡಿತದಲ್ಲಿಡುತ್ತದೆ. ಮೊದಲ ಸಲ ಬಂದಾಗಲೇ ಸಾಮಾನ್ಯವಾಗಿ ಒಂದೆರಡು ವರ್ಷ, ಮರುಕಳಿಸಿದರೆ ಇನ್ನೂ ಹೆಚ್ಚು ಕಾಲ ತೆಗೆದುಕೊಳ್ಳಬೇಕಾಗುತ್ತದೆ. ಯಾಕೆ ಬಿಟ್ಟೆ ಎಂದು ಅವನನ್ನೇ ಕೇಳಿದ್ದೀರಾ? ಮೈ ತೂಕ ಏರುವುದು, ಕೌಂಟರಿನಲ್ಲೇ ತೂಕಡಿಕೆ, ಕೈಕಾಲು ಬಿಗಿತ ಎಂದು ಬಿಡುವವರು ಬಹಳ. ವೈದ್ಯರಿಗೆ ತಿಳಿಸಿದರೆ ಪ್ರಮಾಣ ಇಳಿಸಬಹುದು, ಬೇರೆ ಮಾತ್ರೆ ಕೊಡಬಹುದು. ದಿನವೂ ನುಂಗುವುದು ಬೇಸರವಾದರೆ ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ ಕೂಡ ಇದೆ. ಕಾಫಿಯಲ್ಲಿ ಕರಗಿಸಿ ಕೊಡುವ ಉಪಾಯವನ್ನು ಯಾರಾದರೂ ಹೇಳಿಯಾರು, ಕೇಳಬೇಡಿ. ಸಂಶಯವೇ ಕಾಯಿಲೆಯಾದವನಿಗೆ ಅದು ಗೊತ್ತಾದರೆ ನಿಮ್ಮ ಕೈಯ ನೀರನ್ನೂ ಮುಟ್ಟಲಾರ.

ಸೋಮಾರಿ ಎಂದಿರಲ್ಲ, ಅದೂ ಕಾಯಿಲೆಯದೇ ಇನ್ನೊಂದು ಮುಖ. ಬೈದರೆ ಏಳುವುದಿಲ್ಲ. ಕಟಕಿ, ಕೂಗಾಟ ಹೆಚ್ಚಿರುವ ಮನೆಗಳಲ್ಲಿ ರೋಗ ಮರುಕಳಿಸುವುದೂ ಹೆಚ್ಚೆಂದು ಸಂಶೋಧಕರು 1960-70ರ ದಶಕಗಳಲ್ಲೇ ಕಂಡುಕೊಂಡಿದ್ದರು. ಒಂದು ರೂಮು ಕಿಚನ್ನಿನಲ್ಲಿ ಐವರು ಇರುವಾಗ ದನಿ ಏರಿಸದಿರುವುದು ಎಷ್ಟು ಕಷ್ಟವೆಂದು ಮುಂಬಯಿಯವರಿಗೆ ಯಾರೂ ಹೇಳಬೇಕಿಲ್ಲ! ಆದರೂ "ಯಾರೂ ಮಾತಾಡುತ್ತಿಲ್ಲ, ನಿನಗೆ ಭ್ರಮೆ" ಎಂದು ವಾದಕ್ಕಿಳಿಯಬೇಡಿ, ಹೌದೆನ್ನಲೂ ಬೇಡಿ. "ನನಗೆ ಕೇಳಿಸುತ್ತಿಲ್ಲ, ನಿನಗೆ ಹೆದರಿಕೆಯಾಗುತ್ತಿದೆಯಲ್ಲ, ಇಲ್ಲೇ ಇದ್ದೇನೆ" ಎನ್ನಿ.

ಥಾಣೆಯ ಪ್ರಾದೇಶಿಕ ಮನೋರುಗ್ಣಾಲಯ ನಿಮಗೆ ಹತ್ತಿರ. ಪರೇಲಿನ ಕೆಇಎಂ ಆಸ್ಪತ್ರೆಯಲ್ಲೂ ಮನೋರೋಗ ವಿಭಾಗವಿದೆ. ಹಳೆಯ ಚೀಟಿಗಳನ್ನೆಲ್ಲ ಕೊಂಡೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡುತ್ತಾರೆ. ದನಿಗಳು ಸಾಯಲು ಹೇಳುತ್ತಿವೆ ಎಂದನೋ, ಅಂದು ಅಪಾಯಿಂಟ್‌ಮೆಂಟಿಗೆ ಕಾಯದೆ ನೇರ ಆಸ್ಪತ್ರೆಗೆ ಕರೆದೊಯ್ಯಿರಿ.