ಅರಳೋ, ಮರುಳೋ?

ತಿಪಟೂರಿನ 63 ವರ್ಷದ ಓದುಗರೊಬ್ಬರು ಬರೆದಿದ್ದಾರೆ: ‘ಮೊಮ್ಮಗಳ ಪಕ್ಕ ಕುಳಿತು ಕಂಪ್ಯೂಟರ್ ಕಲಿಯತೊಡಗಿದ್ದೆ. ಎರಡು ಸಲ ತಪ್ಪಿದ್ದಕ್ಕೆ ಅರವತ್ತಕ್ಕೆ ಅರಳುಮರಳು ಎಂದು ಮನೆಮಂದಿಯೆಲ್ಲ ನಕ್ಕರು. ವೇದ ಸುಳ್ಳಾದರೂ ಗಾದೆ ಸುಳ್ಳಾಗದಲ್ಲ, ಬಿಟ್ಟುಬಿಟ್ಟೆ. ಸರಿ ತಾನೇ?’

ಸರಿಯಲ್ಲ, ಮಾನ್ಯರೇ. ವಯಸ್ಸಾದಂತೆ ಹೆಸರುಗಳು ನೆನಪಿಗೆ ಬರುವುದು ತಡವಾಗುತ್ತದೆ, ಕೆಲವರಿಗೆ ಮರೆವು ಕಾಯಿಲೆಯಾಗಿಯೇ ಬರುತ್ತದೆ, ಒಪ್ಪಿದೆ. ಆದರೆ ನಿಮ್ಮನ್ನು ಕಂಪ್ಯೂಟರಿನ ಮುಂದಿನಿಂದ ಎಬ್ಬಿಸಿದ್ದು ವಯಸ್ಸಲ್ಲ, ಆ ನಗು. ಅದಕ್ಕಿಂತ ಹೆಚ್ಚಾಗಿ, ಆ ನಗುವನ್ನು ನೀವು ನಂಬಿದ್ದು.

ಈ ನಂಬಿಕೆ ಸಣ್ಣ ವಿಷಯವಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬೆಕಾ ಲೆವಿ ಮತ್ತು ಸಂಗಡಿಗರು, ಒಹಾಯೊ ರಾಜ್ಯದಲ್ಲಿ 50 ದಾಟಿದ 660 ಜನ ತಮ್ಮ ಮುಪ್ಪಿನ ಬಗ್ಗೆ ಹಿಂದೆ ಹೇಳಿದ್ದ ಮಾತುಗಳನ್ನು ಅವರ ಆಯುಸ್ಸಿನೊಂದಿಗೆ ತಾಳೆ ನೋಡಿ, 2002ರಲ್ಲಿ ಪ್ರಕಟಿಸಿದರು. ಮುಪ್ಪನ್ನು ಒಳ್ಳೆಯ ಭಾವದಿಂದ ಕಂಡವರು ಮಿಕ್ಕವರಿಗಿಂತ ಸುಮಾರು 7.5 ವರ್ಷ ಹೆಚ್ಚು ಬದುಕಿದ್ದರು. ಆರೋಗ್ಯ, ಅಂತಸ್ತು, ಒಂಟಿತನಗಳ ಲೆಕ್ಕವನ್ನು ಕಳೆದ ಮೇಲೂ ಆ ಅಂತರ ಅಳಿಯಲಿಲ್ಲ. ನನಗಿದು ಸೋಜಿಗವೆನಿಸದು. ಮಂಡಿ ನೋಯುತ್ತಲೇ ‘ವಯಸ್ಸಾಯಿತು’ ಎಂದು ಔಷಧವನ್ನೂ ನಡಿಗೆಯನ್ನೂ ಒಟ್ಟಿಗೇ ಬಿಟ್ಟವರು ನಮ್ಮ ಬೀದಿಯಲ್ಲೇ ಇದ್ದಾರೆ.

ಬಿಡಿಸುವವರೂ ಇದ್ದಾರೆ. ನನ್ನ ತಾಯಿಯನ್ನು ಆಸ್ಪತ್ರೆಯೊಂದಕ್ಕೆ ಕರೆದೊಯ್ದಾಗ ವೈದ್ಯರು ‘ಇವರಿಗೇನು ತೊಂದರೆ?’ ಎಂದು ಕೇಳಿದ್ದು ನನ್ನನ್ನು. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಪಾಠ ಹೇಳಿದ ಅಮ್ಮ ಸೆರಗು ಸರಿಪಡಿಸಿಕೊಂಡು ಸುಮ್ಮನೆ ನನ್ನ ಮುಖ ನೋಡಿದರು. ಮುಂದಿನ ಸಲದಿಂದ ಅವರೇ ‘ನೀನೇ ಹೇಳಪ್ಪ’ ಎನ್ನತೊಡಗಿದರು. ಬ್ಯಾಂಕಿಗೆ ಹೋದರೂ ಇದೇ ಕಥೆ: ಖಾತೆ ಅಮ್ಮನದು, ಮಾತು ಮಗನೊಡನೆ. ಸರ್ಕಾರಿ ನೌಕರರನ್ನು ಮನೆಗೆ ಕಳಿಸಲು ನಮ್ಮ ರಾಜ್ಯ ಸರ್ಕಾರ ಗೊತ್ತುಮಾಡಿರುವುದೂ, ಗಾದೆ ಹಿಡಿದಿರುವುದೂ ಒಂದೇ ಅಂಕಿಯನ್ನು. ಯಾರನ್ನು ನೋಡಿ ಯಾರು ಕಲಿತರೋ!

ಗಾದೆಯನ್ನೇ ಪ್ರಮಾಣವೆನ್ನುವ ನಿಮಗೆ ಇನ್ನೊಂದು ಮಾತು. ಬೇಂದ್ರೆಯವರು ಅರವತ್ತರ ಹೊತ್ತಿಗೆ ತಂದ ಕವನಗಳ ಸಂಪುಟಕ್ಕೆ ‘ಅರಳು ಮರಳು’ ಎಂದೇ ಹೆಸರಿಟ್ಟರು. ಮರಳಿ ಅರಳುವುದು ಎಂದೂ ಅದನ್ನು ಓದಿಕೊಳ್ಳಬಹುದಲ್ಲವೇ? 1958ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇನ್ನು ಶಿವರಾಮ ಕಾರಂತರು ಕೈಗಾ ಅಣುಸ್ಥಾವರವನ್ನು ವಿರೋಧಿಸಿ 1989ರಲ್ಲಿ ಲೋಕಸಭೆ ಚುನಾವಣೆಗೆ ನಿಂತಾಗ ಅವರಿಗೆ 87. ಸೋತರು, ನಿಜ, ಆದರೆ ಯಾರೋ ನಕ್ಕರೆಂದು ನಾಮಪತ್ರ ಹಿಂದೆಗೆದುಕೊಳ್ಳಲಿಲ್ಲ.

ಮುಂದಿನ ಪತ್ರವನ್ನು ಮೊಮ್ಮಗಳ ಪಕ್ಕ ಕುಳಿತು ಟೈಪ್ ಮಾಡಿಯೇ ಕಳುಹಿಸಿ. ಕಾಗುಣಿತ ತಪ್ಪಿದ್ದರೆ ನಾವು ತಿದ್ದಿಕೊಳ್ಳುತ್ತೇವೆ. ಇಪ್ಪತ್ತೈದರ ಲೇಖಕರದ್ದನ್ನೂ ದಿನಾ ತಿದ್ದುತ್ತಲೇ ಇದ್ದೇವೆ.