ಸೆಂಟ್‌ಓಎಸ್ 7ರಲ್ಲಿ ಹೊಸ ಜಿಲಿಬ್‌ಸಿ ಬಿಲ್ಡ್ ಮಾಡಿ ಹಾಕಬಹುದಾ? ಹುಷಾರಾಗಿ ಮಾಡಿದರೆ ಸಾಕಲ್ವಾ?

ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ 18ಕ್ಕೆ ಜಿಲಿಬ್‌ಸಿ (ಲಿನಕ್ಸ್‌ನ ಹೆಚ್ಚುಕಮ್ಮಿ ಎಲ್ಲ ಪ್ರೋಗ್ರಾಂಗಳೂ ನೆಚ್ಚಿಕೊಂಡಿರುವ ಮೂಲ ಲೈಬ್ರರಿ) 2.28 ಬೇಕು, ನಿಮ್ಮ ಸೆಂಟ್‌ಓಎಸ್ 7 ಲಿನಕ್ಸ್ ಸರ್ವರ್‌ನಲ್ಲಿ ಇರುವುದು 2.17. ಸೋರ್ಸ್ ಇಳಿಸಿಕೊಂಡು ಹುಷಾರಾಗಿ ಇನ್‌ಸ್ಟಾಲ್ ಮಾಡಿದರೆ ಸಿಸ್ಟಂನಿಂದ ಬೇರೆಯಾಗಿಟ್ಟ ಪರಿಸರದ ತಲೆನೋವು ಯಾಕೆ ಅಂತ ಕೇಳಿದ್ದೀರಿ. ಓದುತ್ತಿದ್ದ ಹಾಗೆ ನನಗೆ 2014ರ ಒಂದು ಶುಕ್ರವಾರ ನೆನಪಾಯಿತು.

ಬೆಂಗಳೂರಿನ ಒಂದು ಸಣ್ಣ ಕಂಪನಿ. ಹನ್ನೊಂದು ಜನಕ್ಕೆ ಒಂದೇ ಸರ್ವರ್, ಸೆಂಟ್‌ಓಎಸ್ 6. ಗಿಟ್ ಅದರಲ್ಲೇ, ರಾತ್ರಿ ಬಿಲ್ಡ್ ಅದರಲ್ಲೇ. ಹೊರಗಿನವರು ಕೊಟ್ಟ ಒಂದು ಪ್ರೋಗ್ರಾಂ ಜಿಲಿಬ್‌ಸಿ 2.14 ಕೇಳಿತು. ನಮ್ಮಲ್ಲಿದ್ದದ್ದು 2.12. ಎರಡು ಅಂಕಿ ತಾನೇ ಅಂದುಕೊಂಡೆ.

ನನ್ನ ತಪ್ಪು ಯಾವುದು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ನೀವೂ ಅಲ್ಲೇ ಕಾಲಿಡುತ್ತೀರಿ. ಮೊದಲು ಪ್ರಿಫಿಕ್ಸ್ (ಎಲ್ಲಿ ಇನ್‌ಸ್ಟಾಲ್ ಆಗಬೇಕು ಅನ್ನುವ ಜಾಗ) ಕೊಡದೆ, ಬಿಲ್ಡ್‌ಗೆ ಸಿದ್ಧ ಮಾಡುವ ಕಾನ್ಫಿಗರ್ ಸ್ಕ್ರಿಪ್ಟ್ ಓಡಿಸಿದೆ. ಆಗ ಅದು /ಯುಎಸ್‌ಆರ್/ಲೋಕಲ್ ಅಂತ ತಿಳಿದುಕೊಳ್ಳುತ್ತದೆ. ಜಿಲಿಬ್‌ಸಿ ಅಲ್ಲೇ ನಿಂತು ಎಚ್ಚರಿಸಿತು: ಇಲ್ಲಿ ಹಾಕಿದರೆ ಇಡೀ ಸಿಸ್ಟಂ ಕೆಲಸಕ್ಕೆ ಬಾರದೆ ಹೋಗಬಹುದು, ಬೇರೆ ಪ್ರಿಫಿಕ್ಸ್ ಕೊಡಿ ಅಂತ. ನಾನು ಆ ಮಾತು ಕೇಳಿದೆ. ಬೇರೆ ಪ್ರಿಫಿಕ್ಸ್ ಕೊಟ್ಟೆ. /ಯುಎಸ್‌ಆರ್! ಅದಕ್ಕೆ ಕಾನ್ಫಿಗರ್ ತಕರಾರು ಮಾಡುವುದಿಲ್ಲ. ಡಿಸ್ಟ್ರೋ (ಸೆಂಟ್‌ಓಎಸ್‌ನಂಥ ಲಿನಕ್ಸ್) ಕಟ್ಟುವವರು ನಿಜವಾಗಿ ಕೊಡುವುದು ಅದನ್ನೇ ಅಲ್ವಾ. ಆದರೆ ಅವರು ಕಟ್ಟುವುದು ಖಾಲಿ ಡೈರೆಕ್ಟರಿ ಒಳಗೆ. ನಾನು ಹಾಕಿದ್ದು ಓಡುತ್ತಿರುವ ಮೆಷಿನ್ ಮೇಲೆ. ಪ್ರಿಫಿಕ್ಸ್ /ಯುಎಸ್‌ಆರ್ ಅಂದರೆ ಲೋಡರ್ (ಪ್ರೋಗ್ರಾಂ ಶುರುವಾಗುವಾಗ ಅದಕ್ಕೆ ಲೈಬ್ರರಿ ಜೋಡಿಸುವುದು) ಮತ್ತು ಲಿಬ್‌ಸಿ (ಜಿಲಿಬ್‌ಸಿಯ ಮುಖ್ಯ ಲೈಬ್ರರಿ ಫೈಲ್) ಎರಡೂ ನೇರ /ಲಿಬ್64ಕ್ಕೆ ಹೋಗುತ್ತವೆ. ಮೆಷಿನ್‌ನ ಹೆಚ್ಚುಕಮ್ಮಿ ಪ್ರತಿಯೊಂದು ಪ್ರೋಗ್ರಾಂ ಶುರುವಾಗುವಾಗ ಇವೆರಡನ್ನೇ ಹುಡುಕುತ್ತದೆ. ಇವು ಒಂದೇ ಬಿಲ್ಡ್‌ನ ಜೋಡಿ ಆಗಿರಬೇಕು. ಒಂದು ಹೊಸದು, ಒಂದು ಹಳೆಯದು ಆದರೆ ಯಾವುದೂ ಏಳುವುದಿಲ್ಲ.

ಇನ್‌ಸ್ಟಾಲ್ ಮಾಡುವ ಕಮಾಂಡ್ ಮೇಕ್ ಇನ್‌ಸ್ಟಾಲ್, ಅದು ಫೈಲ್‌ಗಳನ್ನು ಒಂದೊಂದಾಗಿ ಬದಲಿಸುತ್ತದೆ. ಅರ್ಧ ಬದಲಾಗುತ್ತಿದ್ದ ಹಾಗೆ ಮುಂದಿನ ಫೈಲ್ ಇಡಬೇಕಾದ ಕಮಾಂಡೇ ಸತ್ತುಹೋಯಿತು. ಊರಿಗೆಲ್ಲ ಒಂದೇ ಬಾವಿ, ನನ್ನ ಒಂದು ಬಿಂದಿಗೆಗೋಸ್ಕರ ಅದರ ಕಟ್ಟೆ ಒಡೆದಿದ್ದೆ.

ಫೈಲ್ ಪಟ್ಟಿ ನೋಡಲು ಎಲ್ಎಸ್ ಹೊಡೆದೆ. ರಿಲೊಕೇಶನ್ ಎರರ್, ಅಂದರೆ ಲೋಡರ್ ಮತ್ತು ಲಿಬ್‌ಸಿ ಹೊಂದಲಿಲ್ಲ. ಕಾಪಿ ಮಾಡುವ ಸಿಪಿ ಹೊಡೆದೆ, ಅದೇ. ತಮಾಷೆ ಅಂದರೆ ನಾನು ಹುಷಾರಾಗಿಯೇ ಇದ್ದೆ! /ಲಿಬ್64 ಪೂರ್ತಿ ಬ್ಯಾಕಪ್ ತೆಗೆದಿದ್ದೆ. ವಾಪಸ್ ಹಾಕಲು ಸಿಪಿ ಬೇಕಲ್ಲ, ಸಿಪಿಗೆ ಲಿಬ್‌ಸಿ ಬೇಕಲ್ಲ. ಗಾಬರಿಯಲ್ಲಿ ಟರ್ಮಿನಲ್ ಮುಚ್ಚಿ ಮತ್ತೆ ಲಾಗಿನ್ ಆಗಲು ಹೋದೆ. ಹೊಸ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್) ಏಳಲೇ ಇಲ್ಲ. ಶನಿವಾರ ಆಫೀಸಿಗೆ ಹೋಗಿ, ಇನ್‌ಸ್ಟಾಲ್ ಡಿವಿಡಿಯಿಂದ ರೆಸ್ಕ್ಯೂ ಮೋಡ್‌ಗೆ ಬೂಟ್ ಮಾಡಿ, ಸಿಮ್‌ಲಿಂಕ್‌ಗಳನ್ನು (ನಿಜವಾದ ಫೈಲ್ ಕಡೆ ಬೆರಳು ತೋರಿಸುವ ಹೆಸರುಗಳನ್ನು) ಒಂದೊಂದಾಗಿ 2.12ರ ಫೈಲ್‌ಗಳಿಗೆ ತಿರುಗಿಸಿದೆ. ಹಳೆಯ ಫೈಲ್‌ಗಳ ಹೆಸರಿನಲ್ಲೇ ವರ್ಷನ್ ಇದ್ದದ್ದರಿಂದ ಅವು ಅಳಿಸಿಹೋಗಿರಲಿಲ್ಲ. ಬದುಕಿದೆ.

ಅದಕ್ಕೇ ನಿಮ್ಮ ‘ಹುಷಾರಾಗಿ’ ಅನ್ನುವ ಮಾತನ್ನೇ ನಾನು ಒಪ್ಪುವುದಿಲ್ಲ. ರೂಟ್ (ಎಲ್ಲ ಅಧಿಕಾರ ಇರುವ ಯೂಸರ್) ಆಗಿ ಇನ್‌ಸ್ಟಾಲ್ ಮಾಡುವಾಗ ಹುಷಾರು ಕಾಯುವುದಿಲ್ಲ. ಬರೆಯುವ ಪರ್ಮಿಷನ್ ಇಲ್ಲದಿರುವುದೇ ಕಾಯುವುದು. ಸೋಮವಾರ ಅದೇ 2.14ನ್ನು ಸಾಮಾನ್ಯ ಯೂಸರ್ ಆಗಿ ನನ್ನ ಹೋಮ್ ಡೈರೆಕ್ಟರಿಯೊಳಗೆ ಬಿಲ್ಡ್ ಮಾಡಿದೆ. ಅದರ ಲೋಡರ್ ಮೂಲಕ ಆ ಒಂದು ಪ್ರೋಗ್ರಾಂ ಮಾತ್ರ ಓಡಿಸಿದೆ. ಅರ್ಧ ದಿನದ ಕೆಲಸ. ಎಲ್‌ಡಿ ಲೈಬ್ರರಿ ಪಾತ್ (ಲೈಬ್ರರಿ ಎಲ್ಲಿ ಹುಡುಕಬೇಕು ಅಂತ ಹೇಳುವ ಸೆಟ್ಟಿಂಗ್) ಅನ್ನು ಮಾತ್ರ ಶೆಲ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಬೇಡಿ. ಹಳೆಯ ಲೋಡರ್, ಹೊಸ ಲಿಬ್‌ಸಿ, ಮತ್ತೆ ಅದೇ ಕಥೆ. ಈ ಸಲ ಮೆಷಿನ್ ಬದಲು ನಿಮ್ಮ ಶೆಲ್ ಮಾತ್ರ ಸಾಯುತ್ತದೆ, ಅಷ್ಟೇ ವ್ಯತ್ಯಾಸ.

ಈಗ ನಾನು ಇಂಥದ್ದಕ್ಕೆಲ್ಲ ನಿಕ್ಸ್ ಅನ್ನುವ ಪ್ಯಾಕೇಜ್ ಮ್ಯಾನೇಜರ್ ಬಳಸುತ್ತೇನೆ. ಪ್ರತಿ ಪ್ಯಾಕೇಜೂ /ನಿಕ್ಸ್/ಸ್ಟೋರ್ ಒಳಗೆ ಹೆಸರಿನಲ್ಲಿ ಹ್ಯಾಶ್ (ಅದಕ್ಕೇ ಮೀಸಲಾದ ಗುರುತು) ಇರುವ ತನ್ನದೇ ಡೈರೆಕ್ಟರಿಯಲ್ಲಿ ಕೂರುತ್ತದೆ. ಯಾವ ಲೋಡರ್, ಯಾವ ಲಿಬ್‌ಸಿ ಅನ್ನುವುದು ಬೈನರಿಯೊಳಗೇ ಬರೆದಿರುತ್ತದೆ. ಹತ್ತು ಜಿಲಿಬ್‌ಸಿ ಇದ್ದರೂ ಒಂದಕ್ಕೊಂದು ಮುಟ್ಟುವುದಿಲ್ಲ. ಸ್ಯಾಂಡ್‌ಬಾಕ್ಸ್ (ಬಿಲ್ಡ್ ಅನ್ನು ಹೊರಗಿನಿಂದ ಬೇರ್ಪಡಿಸುವುದು) ಆನ್ ಇದ್ದರೆ ಸಾಮಾನ್ಯ ಬಿಲ್ಡ್‌ಗೆ ನೆಟ್‌ವರ್ಕೂ ಸಿಗುವುದಿಲ್ಲ, ಹಾಗಾಗಿ ಹೇಳಲು ಮರೆತ ಡಿಪೆಂಡೆನ್ಸಿ ಅಲ್ಲೇ ಸಿಕ್ಕಿಬೀಳುತ್ತದೆ. ಡಿಸ್ಕ್ ಜಾಸ್ತಿ ತಿನ್ನುತ್ತದೆ, ನಿಜ. ಅದರ ಭಾಷೆ ಕಲಿಯಲು ನನಗೆ ಎರಡು ತಿಂಗಳು ಬೇಕಾಯಿತು, ಅದೂ ನಿಜ. ಡಾಕರ್ (ಪ್ರೋಗ್ರಾಂ ಅನ್ನು ಪ್ರತ್ಯೇಕ ಡಬ್ಬಿಯಲ್ಲಿ ಓಡಿಸುವುದು) ಸಾಕು ಅನ್ನುವವರೂ ಇದ್ದಾರೆ. ಇರಲಿ.

ಆದರೆ ನಿಮಗೆ ನಿಕ್ಸ್ ಕೂಡ ಬೇಕಿಲ್ಲ. ನೋಡ್‌ನ ಅನಧಿಕೃತ ಬಿಲ್ಡ್‌ಗಳಲ್ಲಿ ‘ಜಿಲಿಬ್‌ಸಿ-217’ ಅಂತ ಹೆಸರಿರುವ ಟಾರ್‌ಬಾಲ್ (ಗಂಟು ಕಟ್ಟಿದ ಫೈಲ್) ಇದೆ, ನಿಮ್ಮಂಥ ಹಳೆಯ ಮೆಷಿನ್‌ಗೆಂದೇ ಮಾಡಿದ್ದು. ಹೋಮ್‌ನಲ್ಲಿ ಬಿಚ್ಚಿಕೊಳ್ಳಿ, ಓಡಿಸಿ. ಸೆಂಟ್‌ಓಎಸ್ 7ಕ್ಕೆ 2024ರ ಜೂನ್ 30ರಿಂದ ಅಪ್‌ಡೇಟ್ ನಿಂತಿದೆ, ಸರ್ವರ್ ಬದಲಿಸುವ ಮಾತನ್ನೂ ಬಾಸ್ ಕಿವಿಗೆ ಹಾಕಿಡಿ.

ಈ ಪ್ರಶ್ನೆ ಹಾಕುವ ಮೊದಲೇ ನೀವು ಮೇಕ್ ಇನ್‌ಸ್ಟಾಲ್ ಒತ್ತಿದ್ದರೆ, ಆ ರೂಟ್ ಟರ್ಮಿನಲ್ ಮುಚ್ಚಬೇಡಿ. ಎಕೋ ಮತ್ತು ನಕ್ಷತ್ರ ಚಿಹ್ನೆ ಹೊಡೆದರೆ ಫೈಲ್‌ಗಳ ಹೆಸರು ಕಾಣುತ್ತವೆ, ಎಕೋ ಬ್ಯಾಶ್ ಶೆಲ್‌ನ ಒಳಗೇ ಇರುತ್ತದೆ. /ಎಸ್‌ಬಿನ್ ಒಳಗೆ ಎಸ್‌ಎಲ್‌ಎನ್ ಅಂತ ಒಂದು ಪುಟ್ಟ ಕಮಾಂಡ್ ಇದೆ. ಅದಕ್ಕೆ ಲಿಬ್‌ಸಿ ಹಂಗಿಲ್ಲ, ಇರುವುದೇ ಇಂಥ ದಿನಕ್ಕೆ. ಅದರಿಂದ ಲೋಡರ್ ಮತ್ತು ಲಿಬ್‌ಸಿ ಲಿಂಕ್‌ಗಳನ್ನು 2.17ಕ್ಕೆ ತಿರುಗಿಸಿ, ಆಮೇಲೆ ಉಳಿದವು. ನನಗೆ ಇದು ಗೊತ್ತಾಗಿದ್ದು ಭಾನುವಾರ.