ಕ್ಲೆಮೆಂಟೆಗೆ 5 ವರ್ಷದ ನಿಯಮ ಯಾಕೆ ಸಡಿಲಿಸಿದರು?

ಆಟ ಬಿಟ್ಟು 5 ವರ್ಷ ಆಗದೆ ಬೇಸ್‌ಬಾಲ್‌ನ ಹಾಲ್ ಆಫ್ ಫೇಮ್‌ಗೆ (ಶ್ರೇಷ್ಠ ಆಟಗಾರರ ಗೌರವ ಪಟ್ಟಿಗೆ) ಸೇರಿಸುವುದಿಲ್ಲ, ಮತ್ತೆ ಬೇಸ್‌ಬಾಲ್ ಆಟಗಾರ ರಾಬರ್ಟೊ ಕ್ಲೆಮೆಂಟೆ 1973ರಲ್ಲೇ ಹೇಗೆ ಬಂದರು ಅಂತ ಕೇಳಿದ್ದೀರಿ. ಅವರು ಆಟ ಬಿಡಲೇ ಇಲ್ಲವಲ್ಲ!

1972ರ ಸೆಪ್ಟೆಂಬರ್ 30ರಂದು ಪಿಟ್ಸ್‌ಬರ್ಗ್‌ನಲ್ಲಿ ಒಂದು ಡಬಲ್ (ಎರಡನೇ ಬೇಸ್‌ವರೆಗೆ ಓಡಲು ಸಿಗುವ ಹೊಡೆತ) ಹೊಡೆದು, ಎರಡನೇ ಬೇಸ್ ಮೇಲೆ ನಿಂತು ಟೋಪಿ ಎತ್ತಿದರು. ಅದು ಅವರ 3000ನೇ ಹಿಟ್, ಅಂದರೆ ಚೆಂಡು ಹೊಡೆದು ಬೇಸ್ ತಲುಪಿದ ಲೆಕ್ಕ. ಸರಿಯಾಗಿ 3000, ಒಂದೂ ಜಾಸ್ತಿ ಇಲ್ಲ. ಡಿಸೆಂಬರ್‌ನಲ್ಲಿ ನಿಕರಾಗುವಾದಲ್ಲಿ ಭೂಕಂಪ ಆಯಿತು. ಮೊದಲು ಕಳಿಸಿದ ಪರಿಹಾರ ಸಾಮಾನು ಸಂತ್ರಸ್ತರ ಕೈ ಸೇರುತ್ತಿಲ್ಲ, ಮಧ್ಯದಲ್ಲೇ ಮಾಯವಾಗುತ್ತಿದೆ ಅಂತ ಕೇಳಿ, 31ರ ರಾತ್ರಿ ತಾವೇ ವಿಮಾನ ಹತ್ತಿದರು. ಅದು ಪೋರ್ಟೊ ರಿಕೊ ತೀರದ ಹತ್ತಿರ ಸಮುದ್ರಕ್ಕೆ ಬಿತ್ತು. ಆಗ ಅವರಿಗೆ 38 ವರ್ಷ.

ಅದಕ್ಕೇ 1973ರ ಮಾರ್ಚ್‌ನಲ್ಲಿ ನಿಯಮ ಸಡಿಲಿಸಿ, ವಿಶೇಷ ಮತದಾನ ಮಾಡಿ ಸೇರಿಸಿಕೊಂಡರು. ಸುಮ್ನೆ ಕನಿಕರಕ್ಕೆ ಕೊಟ್ಟಿದ್ದಲ್ಲ ಬಿಡಿ. 4 ಬ್ಯಾಟಿಂಗ್ ಕಿರೀಟ (ಲೀಗ್‌ನ ಅತಿ ಹೆಚ್ಚು ಬ್ಯಾಟಿಂಗ್ ಸರಾಸರಿಗೆ), 12 ಗೋಲ್ಡ್ ಗ್ಲೌವ್ (ಅತ್ಯುತ್ತಮ ಫೀಲ್ಡಿಂಗ್ ಪ್ರಶಸ್ತಿ) ಇದ್ದವರು, 5 ವರ್ಷ ಬಿಟ್ಟು ಮತ ಹಾಕಿದ್ದರೂ ಬರುತ್ತಿದ್ದರು, ಅಲ್ವಾ?